ಶುದ್ಧತೆಯೇ ಮೊದಲು, ಸ್ಟೀರಾಯ್ಡ್ ಆಮೇಲೆ

ಬಿ ವಿಟಮಿನ್ನಿಗೆ ಎಂಥ ಮಹಿಮೆಯಿದೆ ಎಂಬುದು 2013ರ ಜುಲೈನಲ್ಲಿ ಅಮೆರಿಕನ್ನರಿಗೆ ತಿಳಿಯಿತು. ‘ಪ್ಯೂರಿಟಿ ಫಸ್ಟ್’, ಅಂದರೆ ಶುದ್ಧತೆಯೇ ಮೊದಲು, ಎಂದು ಬರೆದುಕೊಂಡಿದ್ದ ಬಿ-50 ಮಾತ್ರೆಯ ಮೇಲೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೆ 29 ದೂರುಗಳು ಬಂದಿದ್ದವು. ನುಂಗಿದ ಹೆಂಗಸರಿಗೆ ಬೇಡದ ಕಡೆ ಕೂದಲು ಬೆಳೆದು ಮುಟ್ಟು ತಪ್ಪಿತ್ತು. ಗಂಡಸರಿಗೆ ಪುರುಷತ್ವವೇ ಕೈಕೊಟ್ಟಿತ್ತು. ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಹಂಚುವ ಈ ಸಮತಾವಾದಿ ಮಾತ್ರೆಯನ್ನು ಪರೀಕ್ಷಿಸಿದಾಗ ಒಳಗೆ ಸಿಕ್ಕಿದ್ದು ಮೆಥಾಸ್ಟೆರೋನ್ ಮತ್ತು ಡೈಮೆಥಾಜಿನ್ ಎಂಬ, ಗಂಡು ಹಾರ್ಮೋನಿನಂತೆ ವರ್ತಿಸಿ ಸ್ನಾಯು ಉಬ್ಬಿಸುವ ಎರಡು ಸ್ಟೀರಾಯ್ಡ್‌ಗಳು. ಕಂಪನಿ ಸುಳ್ಳು ಹೇಳಿರಲಿಲ್ಲ ಬಿಡಿ. ಶುದ್ಧತೆ ಮೊದಲು ಎಂದಿತ್ತೇ ಹೊರತು ಎರಡನೆಯದು ಮೂರನೆಯದು ಏನೆಂದು ಯಾರೂ ಕೇಳಿರಲಿಲ್ಲ.

ಕೇಳುವ ಅಗತ್ಯವನ್ನು ಪೂರಕ ಆಹಾರಗಳ ಕುರಿತ ಅಲ್ಲಿನ 1994ರ ಕಾನೂನು ಇಟ್ಟಿರಲಿಲ್ಲ. ಅಲ್ಲಿ ಔಷಧವಾದರೆ ಮೊದಲು ಪರೀಕ್ಷೆ, ಆಮೇಲೆ ಮಾರಾಟ. ವಿಟಮಿನ್ ಮಾತ್ರೆಯಂಥ ಪೂರಕ ಆಹಾರವಾದರೆ ಮೊದಲು ಮಾರಾಟ, ಆಮೇಲೆ ಯಾರದಾದರೂ ಕಣ್ಣು ಹಳದಿಯಾದರೆ ಪರೀಕ್ಷೆ. ಹೀಗಾಗಿ ಗಿರಾಕಿಯ ಯಕೃತ್ತೇ ಪ್ರಯೋಗಾಲಯ, ಅದರ ಬಾಡಿಗೆಯೂ ಗಿರಾಕಿಯದೇ.

ಆ ಪ್ರಯೋಗಾಲಯದಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನುಂಗಿದ ಹಾರ್ಮೋನನ್ನು ಯಕೃತ್ತು ಒಡೆದು ಹಾಕಬಾರದೆಂದು ಅಣುವಿನ 17ನೆಯ ಇಂಗಾಲಕ್ಕೆ ಮೀಥೈಲ್ ಎಂಬ ಚಿಕ್ಕ ರಾಸಾಯನಿಕ ಬಾಲ ಕಟ್ಟಿರುತ್ತಾರೆ; ಈ ಬಾಲದ ದೆಸೆಯಿಂದ ಪಿತ್ತದ ಹರಿವು ನಿಂತು, ಕಾಮಾಲೆಯಾಗಿ, ರಾತ್ರಿಯಿಡೀ ಮೈ ಕೆರೆದುಕೊಳ್ಳುವ ವ್ಯಾಯಾಮ ಶುರುವಾಗುತ್ತದೆ. ಒಳ್ಳೆಯ ಕೊಲೆಸ್ಟರಾಲ್ ಕುಸಿಯುತ್ತದೆ. ಹೊರಗಿನ ಸರಕು ಧಾರಾಳವಾಗಿ ಬರುತ್ತಿರುವುದನ್ನು ಕಂಡ ಮೆದುಳು ಒಳಗಿನ ಕಾರ್ಖಾನೆಗೆ ಬೀಗ ಜಡಿಯುವುದರಿಂದ ವೃಷಣಗಳು ಕುಗ್ಗುತ್ತವೆ. ಎದೆ ಉಬ್ಬುತ್ತದೆ ಎಂಬ ಭರವಸೆಯೊಂದು ಮಾತ್ರ ಕೆಲವರ ಪಾಲಿಗೆ ಈಡೇರುತ್ತದೆ, ಆದರೆ ಅವರು ಬಯಸಿದ ಬಗೆಯಲ್ಲಲ್ಲ. ಇಂಥ ಡಬ್ಬಿಗಳನ್ನು ಮಾರುವವರೇ ಜೊತೆಗೆ ಲಿವರ್ ಕಾಯುವ ಮಾತ್ರೆಯನ್ನೂ ಮಾರುತ್ತಾರೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದಕ್ಕೆ ಅವರಲ್ಲಿ ಎರಡು ಬೇರೆ ಬೇರೆ ಬಿಲ್ಲು.

ದೂರದ ಊರಿನ ತಮಾಷೆಯೆಂದು ನಾವು ನಗುವಂತಿಲ್ಲ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಮರುವರ್ಷವೇ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿದಾಗ, ಬೆರಳು ಹೋದದ್ದು ತರಬೇತುದಾರರು ತಂದುಕೊಟ್ಟ ಜಿನ್ಸೆಂಗ್ ಬೇರಿನ ಮಾತ್ರೆಯತ್ತ. ಓಟಗಾರ್ತಿಗೆ ಕೊನೆಗೆ ಎರಡು ವರ್ಷದ ನಿಷೇಧವಾಯಿತು. ಕ್ರೀಡಾಪಟುವಿನ ರಕ್ತ, ಮೂತ್ರಕ್ಕೆ ಇರುವ ಕಾವಲು ಡಬ್ಬಿಯ ಮುಚ್ಚಳಕ್ಕೆ ಇಲ್ಲ.

ಅಮೆರಿಕದಲ್ಲಿ 2007ರಿಂದ 2016ರವರೆಗೆ ಕಲಬೆರಕೆ ಔಷಧ ಅಡಗಿದ್ದ 776 ಪೂರಕ ಆಹಾರಗಳನ್ನು ಸರ್ಕಾರವೇ ಪಟ್ಟಿ ಮಾಡಿತು. ಅವುಗಳಲ್ಲಿ ಸ್ನಾಯು ಬೆಳೆಸುವ ಹೆಚ್ಚಿನ ಡಬ್ಬಿಗಳೊಳಗೆ ಕೂತಿದ್ದದ್ದು ಕೃತಕ ಸ್ಟೀರಾಯ್ಡ್. ಕಂಪನಿಗಳು ‘ಸ್ವಯಂಪ್ರೇರಿತ’ರಾಗಿ ಹಿಂದಕ್ಕೆ ಪಡೆದದ್ದು ಒಟ್ಟು ಪಟ್ಟಿಯ ಅರ್ಧಕ್ಕಿಂತಲೂ ಕಡಿಮೆ, ಉಳಿದವರಿಗೆ ಬಹುಶಃ ಪ್ರೇರಣೆ ಬಂದಿರಲಿಲ್ಲ.