ಕೆಲಸ ಇಲ್ಲ, 12 ಗಂಟೆ ದುಡಿಯಿರಿ

2020ರ ಏಪ್ರಿಲ್‌ನ ಕೊರೊನಾ ಲಾಕ್‌ಡೌನ್ ನೆನಪಿದೆ ಅಲ್ವಾ? ಕಾರ್ಖಾನೆ ಗೇಟಿಗೆ ಬೀಗ. ಗಂಟುಮೂಟೆ, ಮಕ್ಕಳನ್ನು ಹೊತ್ತು ಜನ ಹೆದ್ದಾರಿಯಲ್ಲಿ ಊರಿನ ಕಡೆ ನಡೆಯುತ್ತಿದ್ದರು. ಹುಡುಕಿದರೂ ಕೆಲಸ ಸಿಗದ ಆ ಹೊತ್ತಿನಲ್ಲಿ ನಮ್ಮ ಸರ್ಕಾರಗಳಿಗೆ ಒಂದು ಉಪಾಯ ಹೊಳೆಯಿತು: ಕೆಲಸದ ಗಂಟೆ ಜಾಸ್ತಿ ಮಾಡೋಣ!

1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಸಾಕು ಅನ್ನುತ್ತಿತ್ತು. ಏಪ್ರಿಲ್ 17ರಂದು ಗುಜರಾತ್ ಸರ್ಕಾರ ಅದನ್ನು 12 ಮತ್ತು 72 ಮಾಡಿತು. ಲೆಕ್ಕ ಸುಲಭ. 8 ಗಂಟೆಯಂತೆ ಮೂವರು ಮಾಡುವ ಕೆಲಸ 12 ಗಂಟೆಯಂತೆ ಇಬ್ಬರಿಗೇ ಮುಗಿಯುತ್ತದೆ. ಮೂರನೆಯವನು ಏನಾದ? ಅವನೇ ಸುಧಾರಣೆ.

ಕೂಲಿ ಹೇಗೆ ಲೆಕ್ಕ ಹಾಕಬೇಕು ಅಂತ ಆ ಅಧಿಸೂಚನೆಯಲ್ಲೇ ಉದಾಹರಣೆ ಇತ್ತು. 8 ಗಂಟೆಗೆ 80 ರೂಪಾಯಿ ಆದರೆ 12 ಗಂಟೆಗೆ 120 ರೂಪಾಯಿ. ಮೂರನೇ ಕ್ಲಾಸಿನ ಮೇಷ್ಟ್ರು ಇದಕ್ಕೆ ಫುಲ್ ಮಾರ್ಕ್ಸ್ ಕೊಟ್ಟಾರು. ಆದರೆ ಆಗಿನ ಕಾಯ್ದೆ ಪ್ರಕಾರ 9 ಗಂಟೆ ದಾಟಿದ ಮೇಲಿನ ಗಂಟೆಗಳಿಗೆ ಕೂಲಿ ಡಬಲ್. ಅಂದರೆ 9 ಗಂಟೆಗೆ 90, ಮಿಕ್ಕ 3 ಗಂಟೆಗೆ 60, ಒಟ್ಟು 150 ಆಗಬೇಕಿತ್ತು. ಉಳಿದ 30 ರೂಪಾಯಿ ಎಲ್ಲಿ ಹೋಯಿತು ಅಂತ ಕೇಳಬೇಡಿ. ದೇಶ ಕಷ್ಟದಲ್ಲಿದೆ.

ಉತ್ತರ ಪ್ರದೇಶದ ಸಂಪುಟವಂತೂ ಬಹುತೇಕ ಕಾರ್ಮಿಕ ಕಾಯ್ದೆಗಳನ್ನೇ ಮೂರು ವರ್ಷ ಪಕ್ಕಕ್ಕಿಡುವ ಸುಗ್ರೀವಾಜ್ಞೆಗೆ ಒಪ್ಪಿಗೆ ಕೊಟ್ಟಿತು. ಜೀತ ನಿಷೇಧ ಕಾಯ್ದೆ ಸೇರಿ ಕೆಲವನ್ನು ಮಾತ್ರ ಮುಟ್ಟಲಿಲ್ಲ. ಎಷ್ಟು ದೊಡ್ಡ ಮನಸ್ಸು ನೋಡಿ! ಕೆಲಸಕ್ಕೆ ಕರೆಯಬಹುದು, ಜೀತಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ ಅಂತ.

ನಾವೇನು ಕಮ್ಮಿ? ಮೇ ತಿಂಗಳ ಮೊದಲ ವಾರ ಬಿಲ್ಡರುಗಳ ಜೊತೆ ಸಭೆ ಆಯಿತು. ಅದಾದ ಮೇಲೆ ಕರ್ನಾಟಕ ಸರ್ಕಾರ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲು ಬೇಡ ಅಂತ ರೈಲ್ವೆಗೆ ಪತ್ರ ಬರೆಯಿತು. ನಾಲ್ಕೂ ಕಡೆಯಿಂದ ಉಗಿಸಿಕೊಂಡ ಮೇಲೆ ರೈಲು ಬಿಟ್ಟರು. ಮೇ 22ಕ್ಕೆ ದಿನಕ್ಕೆ 10 ಗಂಟೆ, ವಾರಕ್ಕೆ 60 ಅಂತ ಹೊಸ ಅಧಿಸೂಚನೆ. ಜೂನ್‌ನಲ್ಲಿ ಅದೂ ವಾಪಸ್.

ಇದಕ್ಕೆಲ್ಲ ಗುಜರಾತ್ ಹಿಡಿದ ದಾರ ಕಾರ್ಖಾನೆ ಕಾಯ್ದೆಯ 5ನೇ ಸೆಕ್ಷನ್. ಕಾರ್ಖಾನೆಗಳಿಗೆ ಕಾಯ್ದೆಯಿಂದ ವಿನಾಯಿತಿ ಕೊಡುವ ಅದು ಇದ್ದದ್ದು 'ಸಾರ್ವಜನಿಕ ತುರ್ತು ಪರಿಸ್ಥಿತಿ'ಗೆ. ಅಂದರೆ ಯುದ್ಧ, ಹೊರಗಿನವರ ದಾಳಿ, ದೇಶದ ಭದ್ರತೆಗೇ ಕುತ್ತು ತರುವ ಒಳಗಿನ ಗಲಭೆ. ವೈರಸ್ಸು ಇದರಲ್ಲಿ ಯಾವುದು? ಬಹುಶಃ ಹೊರಗಿನವರ ದಾಳಿ ಇರಬೇಕು, ಪಾಸ್‌ಪೋರ್ಟ್ ಇಲ್ಲದೆ ಬಂದಿತ್ತಲ್ಲ. ಸುಪ್ರೀಂ ಕೋರ್ಟಿಗೆ ಈ ತಮಾಷೆ ಹಿಡಿಸಲಿಲ್ಲ. ಅಕ್ಟೋಬರ್ 1ರಂದು ಗುಜರಾತಿನ ಅಧಿಸೂಚನೆ ರದ್ದು ಮಾಡಿ, ದುಡಿದವರಿಗೆ ಓವರ್‌ಟೈಮ್ ಕೊಡಿ ಅಂದಿತು.

ಆ 80–120ರ ಲೆಕ್ಕ ಬರೆದ ಸಾಹೇಬರು ಅವತ್ತು ಎಷ್ಟು ಗಂಟೆಗೆ ಫೈಲ್ ಮುಚ್ಚಿ ಎದ್ದರೋ. ಐದೂವರೆ ದಾಟಿರಲಿಕ್ಕಿಲ್ಲ ಅಂತ ನನ್ನ ಗುಮಾನಿ.