ಏಸಿ ಬಂದ್ ಮಾಡು, ಟ್ರ್ಯಾಕ್ಟರ್ ದಾಟಬೇಕು

ನಮ್ಮ ಕಾರಿನಲ್ಲಿ ಓವರ್‌ಟೇಕ್ ಮಾಡೋದು ಒಬ್ಬರ ಕೈಲಾಗುವ ಕೆಲಸ ಅಲ್ಲ. ಮನೆಮಂದಿಯೆಲ್ಲ ಕೈಜೋಡಿಸಬೇಕು. ಸ್ಟೇರಿಂಗ್ ನನ್ನದು. ಏಸಿ ಸ್ವಿಚ್ಚು ಹೆಂಡತಿಯದು. ಎದುರಿನಿಂದ ಏನು ಬರುತ್ತಿದೆ ಅಂತ ಬಗ್ಗಿ ಬಗ್ಗಿ ನೋಡೋದು ಮಗನದು. ಹಿಂದೆ ಕೂತ ಅವ್ವ ದುರ್ಗಮ್ಮನನ್ನು ಕರೆಯಬೇಕು.

ಒಂದು ಸಲ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟಿದ್ದೆವು, ಕುಬುಸದ ಊಟಕ್ಕೆ. ತೆಕ್ಕಲಕೋಟೆ ಇನ್ನೂ ದೂರ ಇತ್ತು. ಮುಂದೆ ಒಂದು ಟ್ರ್ಯಾಕ್ಟರ್ ಸಿಕ್ಕಿತು. ಟ್ರ್ಯಾಕ್ಟರ್ ಅಂತ ಅಂದಾಜಿನ ಮೇಲೆ ಹೇಳುತ್ತಿದ್ದೇನೆ, ಕಣ್ಣಿಗೆ ಕಂಡದ್ದು ಭತ್ತದ ಹುಲ್ಲು ಮಾತ್ರ. ದೊಡ್ಡದೊಂದು ಬಣವೆ ತಾನಾಗೇ ಎದ್ದು ಸಿರುಗುಪ್ಪಕ್ಕೆ ಹೊರಟಂತಿತ್ತು.

"ಖಾಲಿ ಐತೆ ಅಪ್ಪಾ" ಅಂದ ಮಗ.

"ಏಸಿ!" ಅಂದೆ ನಾನು.

ಟಕ್ ಅಂತ ಬಂದ್ ಆಯಿತು. ಕಾರನ್ನು ಬಲಕ್ಕೆ ತೆಗೆದು ಪೆಡಲ್ ನೆಲಕ್ಕೆ ತಾಗುವಷ್ಟು ಒತ್ತಿದೆ. ಇಂಜಿನ್ ಗೋಳಾಡಿತು. ಗೋಳು ಜಾಸ್ತಿ ಆಯಿತೇ ಹೊರತು ಓಟ ಅಷ್ಟೇ ಇತ್ತು. ಟ್ರೇಲರಿನ ಹಿಂದಿನ ಗಾಲಿ ನಮ್ಮ ಪಕ್ಕಕ್ಕೆ ಬಂತು. ಬಂದದ್ದು ಅಲ್ಲೇ ನಿಂತುಬಿಟ್ಟಿತು. ಮನಸ್ಸು ಮಾಡಿದ್ದರೆ ಅದರ ನಟ್ಟುಗಳನ್ನು ಎಣಿಸಬಹುದಿತ್ತು. ಹುಲ್ಲು ಕಿಟಕಿ ಗಾಜನ್ನು ಸರಸರ ಕೆರೆಯುತ್ತಿತ್ತು. ಅಷ್ಟರಲ್ಲಿ ಮಗ "ಲಾರಿ!" ಅಂದ. ಬ್ರೇಕ್ ಒತ್ತಿ ಮತ್ತೆ ಬಣವೆಯ ಹಿಂದೆ ಬಂದು ಸೇರಿಕೊಂಡೆ.

"ಬ್ಯಾಡ ಬಿಡಪ್ಪಾ, ಅವನೂ ಸಿರುಗುಪ್ಪಕ್ಕೇ ಹೊಂಟಾನ" ಅಂದಳು ಅವ್ವ.

ಹೀಗೇ ಮೂರು ಸಲ ಆಯಿತು. ನಾಲ್ಕನೇ ಸಲ ಟ್ರ್ಯಾಕ್ಟರ್ ಹುಡುಗನೇ ಕನಿಕರಪಟ್ಟು ಗಾಡಿಯನ್ನು ರಸ್ತೆ ಬದಿಗೆ ಇಳಿಸಿ, "ಹೋಗ್ರಿ ಅಂಕಲ್" ಅಂತ ಕೈ ಬೀಸಿದ. ಇದನ್ನು ನಾನು ಓವರ್‌ಟೇಕ್ ಲೆಕ್ಕಕ್ಕೆ ಹಿಡಿದಿಲ್ಲ.

ನಮ್ಮ ಕಾರು 800 ಸಿಸಿಯದು. ಒಂದು ಲೀಟರಿಗೂ ಕಡಿಮೆ, ನಮ್ಮ ಬಚ್ಚಲಿನ ಚೊಂಬು ಅದಕ್ಕಿಂತ ದೊಡ್ಡದಿದೆ. ಆ 800ನ್ನೂ ಮೂರು ಸಿಲಿಂಡರುಗಳು ಹಂಚಿಕೊಂಡಿವೆ, ಒಂದೊಂದಕ್ಕೆ 270ರ ಆಸುಪಾಸು. ಪಕ್ಕದ ಮನೆ ಹುಡುಗನ ಬುಲೆಟ್ಟಿನಲ್ಲಿರುವ ಒಂದೇ ಸಿಲಿಂಡರ್ 350. ಅದರ ಮೇಲೆ ಅವನೊಬ್ಬನೇ ಕೂತು ಹೋಗುತ್ತಾನೆ. ನಮ್ಮದರಲ್ಲಿ ಐದು ಮಂದಿ, ಜೊತೆಗೆ ಒಂದು ಬುಟ್ಟಿ ಹೋಳಿಗೆ.

ಏಸಿ ಯಾಕೆ ಬಂದ್ ಮಾಡಬೇಕು ಅಂತ ಮಗ ಕೇಳಿದ್ದ. ಅದರ ಕಂಪ್ರೆಸರ್ ತಿರುಗೋದು ಇಂಜಿನ್ನಿಗೇ ಹಾಕಿದ ಬೆಲ್ಟಿನಿಂದ. ದೊಡ್ಡ ಕಾರಿಗೆ ಆ ಭಾರ ಲೆಕ್ಕಕ್ಕಿಲ್ಲ. ನಮ್ಮದಕ್ಕೆ ಅದು ಹೆಗಲೇರಿ ಕೂತ ಆರನೆಯವನು. ಇದರ ಮೇಲೆ ನಮ್ಮೂರಿನ ಬಿಸಿಲು ಬೇರೆ. ಬಿಸಿ ಗಾಳಿ ತೆಳ್ಳಗಾಗಿರುತ್ತದೆ, ಇಂಜಿನ್ನಿಗೆ ಒಂದು ಗುಟುಕಿನಲ್ಲಿ ಸಿಗುವ ಆಮ್ಲಜನಕ ಕಡಿಮೆ. 40 ಡಿಗ್ರಿ ದಾಟಿದ ಮೇಲೆ ನಾನೂ ಮಹಡಿ ಮೆಟ್ಟಿಲು ಹತ್ತೋದಿಲ್ಲ, ಕಾರನ್ನು ಬೈದು ಏನು ಬಂತು?

ತೂಕದ ಜಗಳ ಮಾತ್ರ ಸಂಡೂರಿನ ಕುಮಾರಸ್ವಾಮಿ ಬೆಟ್ಟದಲ್ಲಿ ಬಯಲಿಗೆ ಬಂತು. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆಜಿ. ಖಾಲಿ ಕಾರು ಸುಮಾರು 7 ಕ್ವಿಂಟಲ್, ಅಂದರೆ 9 ಚೀಲ ಚಿಲ್ಲರೆ. ಅದರೊಳಗೆ ನಾವೆಲ್ಲ ತುಂಬಿಕೊಂಡರೆ ಇನ್ನೂ ನಾಲ್ಕೂವರೆ ಚೀಲ. ಹೊರುವವನ ಮೈತೂಕದ ಹತ್ತಿರತ್ತಿರ ಅರ್ಧದಷ್ಟು ಹೊರೆ! ಏರಿನಲ್ಲಿ ಎರಡನೇ ಗೇರಿನಿಂದ ಮೊದಲನೆಯದಕ್ಕೆ ಬಂದೆ. ಅದೂ ಏದುಸಿರು ಬಿಡತೊಡಗಿತು. ಅದಕ್ಕಿಂತ ಕೆಳಗೆ ಹೋಗೋಣ ಅಂದರೆ ಗೇರೇ ಇಲ್ಲ.

"ಯಾರಾದರೂ ಒಬ್ಬರು ಇಳಿದರೆ..." ಅಂದೆ.

ಎಲ್ಲರೂ ನನ್ನ ಹೆಂಡತಿಯ ತಮ್ಮನ ಕಡೆ ನೋಡಿದರು. ಅವನೊಬ್ಬನೇ ಸವಾ ಚೀಲ.

"ಮಾಮಾ, ನಂದೇನೈತೆ? ಅಕ್ಕನ ಟಿಫಿನ್ ಕ್ಯಾರಿಯರ್ ಎತ್ತಿ ನೋಡ್ರಿ" ಅಂದ. ಅಕ್ಕ ತಮ್ಮ ಅಲ್ಲೇ ಶುರುಮಾಡಿಕೊಂಡರು. ಅಷ್ಟರಲ್ಲಿ ಅದಿರು ತರಲು ಹೊರಟಿದ್ದ ಖಾಲಿ ಲಾರಿಯೊಂದು ಹಿಂದಿನಿಂದ ಬಂದು, ಹಾರ್ನ್ ಹೊಡೆದು, ನಮ್ಮನ್ನು ದಾಟಿ ಹೋಯಿತು. ಕೆಂಪು ದೂಳು ಇಳಿಯುವ ತನಕ ಯಾರೂ ಬಾಯಿ ತೆರೆಯಲಿಲ್ಲ. ಯಾರೂ ಕೆಳಗಿಳಿಯಲೂ ಇಲ್ಲ.

ಊರೊಳಗಾದರೂ ಮರ್ಯಾದೆ ಉಳಿಯುತ್ತದಾ ಅಂದರೆ ಅದೂ ಇಲ್ಲ. ದುರ್ಗಮ್ಮ ಗುಡಿ ಹತ್ತಿರದ ಅಂಡರ್‌ಬ್ರಿಡ್ಜಿಗೆ ಇಳಿಯುವಾಗ ಇದು ರೇಸಿನ ಕುದುರೆ. ಮೇಲೆ ಹತ್ತುವಾಗ ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, "ಅಣ್ಣಾ, ತಳ್ಳಬೇಕೇನು?" ಅಂತ ಕೇಳುತ್ತಾನೆ. ವ್ಯಂಗ್ಯ ಅಂದುಕೊಂಡರೆ ಸಿಟ್ಟು ಬರುತ್ತಿತ್ತು. ಪಾಪ, ಅವನು ನಿಜವಾಗಲೂ ಇಳಿಯಲು ತಯಾರಾಗಿದ್ದ.

ಪಿಕಪ್ ಇಲ್ಲ ಅಂತ ಸರ್ವಿಸಿಗೆ ಬಿಟ್ಟಾಗೆಲ್ಲ "ಈ ಗಾಡಿ ಇರೋದೇ ಹಿಂಗೆ ಸಾರ್" ಅಂತ ಹೇಳಿ, ತೊಳೆದು ಬಿಲ್ ಕೊಡುತ್ತಿದ್ದರು. ಕೊನೆಗೆ ಗೆಳೆಯನೊಬ್ಬ ಹೇಳಿದ ಅಂತ ಹಳೇ ಗ್ಯಾರೇಜಿನ ಭಾಯ್ ಹತ್ತಿರ ಹೋದೆ. ಅವರು ಪಕ್ಕದಲ್ಲಿ ಕೂತು, ರಾಯಲ್ ಸರ್ಕಲ್ ತನಕ ನನ್ನ ಕೈಲೇ ಓಡಿಸಿದರು.

"ಸಾರ್, 40ಕ್ಕೇ ಟಾಪ್ ಗೇರಾ?"

"ಪೆಟ್ರೋಲ್ ಉಳಿಯುತ್ತೆ ಅಂತ..."

"ದಾಟೋವಾಗ ಮೂರಕ್ಕೆ ಇಳಿಸ್ರಿ. ಕೂಗಲಿ ಬಿಡ್ರಿ. ಸಣ್ಣ ಇಂಜಿನ್ ಕೂಗಿದ್ರೇನೇ ಎಳೆಯೋದು."

ಮಾತು ಸರಿ ಇತ್ತು. ಈ ಇಂಜಿನ್ನಿನಲ್ಲಿ ಇರೋದೇ 50ಕ್ಕೂ ಕಡಿಮೆ ಕುದುರೆ. ಅಷ್ಟೂ ಏಳಬೇಕಾದರೆ ಅದು ನಿಮಿಷಕ್ಕೆ 6000 ಸುತ್ತಿನ ತನಕ ತಿರುಗಬೇಕು. ನಾನು 2000 ಸುತ್ತಿನಲ್ಲೇ ಪೆಡಲ್ ತುಳಿಯುತ್ತ ಕೂತಿದ್ದೆ. ಮುಕ್ಕಾಲು ಕುದುರೆಗಳು ಲಾಯದಲ್ಲೇ ಮಲಗಿರುತ್ತಿದ್ದವು.

ಆಮೇಲೆ ಭಾಯ್ ಬಾನೆಟ್ ಎತ್ತಿದರು. ಕ್ಲಿಪ್ ಬಿಡಿಸಿ ಏರ್ ಫಿಲ್ಟರ್ ತೆಗೆದರು. ಹೊಸದರಲ್ಲಿ ಅದು ಬಿಳಿ ಕಾಗದದ ಮಡಿಕೆಯಂತಿರುತ್ತದೆ. ನನ್ನದು ಇಟ್ಟಿಗೆಯಾಗಿತ್ತು. ನೆಲಕ್ಕೆ ಎರಡು ಸಲ ಬಡಿದರು. ಮಡಿಕೆಗಳ ಸಂದಿಯಿಂದ ನುಣ್ಣನೆಯ ಕೆಂಪು ದೂಳು ಸುರಿದು ಪುಟ್ಟ ಗುಡ್ಡೆಯಾಯಿತು. ಅದರೊಳಗೆ ಒಂದು ಹುಲ್ಲುಕಡ್ಡಿಯೂ ಇತ್ತು.

"ಇಲ್ಲೊಂದು ಗಣಿ ನಡೆಸಿದೀರಿ. ಪರ್ಮಿಟ್ ಐತೇನ್ ಸಾರ್?"

2011ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿದಾಗ ಊರೆಲ್ಲ ಸುದ್ದಿಯಾಗಿತ್ತು. ನನ್ನ ಬಾನೆಟ್ಟಿನೊಳಗಿನದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಾರಿನ ಪುಸ್ತಕದಲ್ಲಿ ಫಿಲ್ಟರ್ ಬದಲಿಸಲು ಒಂದು ಕಿಲೋಮೀಟರ್ ಲೆಕ್ಕ ಕೊಟ್ಟಿರುತ್ತಾರೆ. ಅದರ ಕೆಳಗೇ, ದೂಳಿನ ರಸ್ತೆಯಾದರೆ ಇನ್ನೂ ಬೇಗ ನೋಡಿ ಅಂತಲೂ ಇರುತ್ತದೆ. ನಾನು ಮೇಲಿನ ಸಾಲು ಓದಿ ಪುಸ್ತಕ ಮುಚ್ಚಿದ್ದೆ. ಗಾಳಿಯೇ ಒಳಗೆ ಹೋಗದಿದ್ದರೆ ಪೆಡಲ್ ಎಷ್ಟು ತುಳಿದರೂ ಅಷ್ಟೇ ಅಲ್ವಾ?

ಹೊಸ ಫಿಲ್ಟರ್ ಹಾಕಿದ ಮೇಲೆ ಕಾರೇನೂ ವಿಮಾನವಾಗಲಿಲ್ಲ. ಎತ್ತಿನ ಗಾಡಿಯಾಗಿದ್ದದ್ದು ಜಟಕಾ ಆಗಿದೆ. ಹೋದ ವಾರ ಕುರುಗೋಡು ಕಡೆ ಹೋಗುವಾಗ ಹುಲ್ಲಿನ ಟ್ರ್ಯಾಕ್ಟರ್ ಒಂದನ್ನು ಮೂರನೇ ಗೇರಿನಲ್ಲಿ ಒಂದೇ ಸಲಕ್ಕೆ ದಾಟಿದೆ. ಏಸಿ ಬಂದ್ ಮಾಡು ಅಂತ ನಾನು ಹೇಳಿಯೇ ಇರಲಿಲ್ಲ. ಹೆಂಡತಿ ಅಭ್ಯಾಸಬಲದಿಂದ ಒತ್ತಿಬಿಟ್ಟಿದ್ದಳು. ಮತ್ತೆ ಹಾಕಲು ಇಬ್ಬರಿಗೂ ನೆನಪಾಗಲಿಲ್ಲ. ಕುರುಗೋಡಿನಲ್ಲಿ ಇಳಿದಾಗ ಎಲ್ಲರೂ ಮಳೆಯಲ್ಲಿ ನೆಂದವರಂತಿದ್ದೆವು.

ಭಾಯ್ ಆ ಹಳೇ ಫಿಲ್ಟರನ್ನು ನೆನಪಿಗಿರಲಿ ಅಂತ ಕವರಿಗೆ ಹಾಕಿ ಕೊಟ್ಟಿದ್ದರು. ಡಿಕ್ಕಿಯಲ್ಲೇ ಬಿದ್ದಿತ್ತು. ಮೊನ್ನೆ ಅವ್ವ ಅದನ್ನು ಅಂಗಳದಲ್ಲಿ ಕಾಗದದ ಮೇಲೆ ಬಡಿಯುತ್ತ ಕೂತಿದ್ದಳು.

"ಏನವ್ವಾ ಇದು?"

"ಕೆಮ್ಮಣ್ಣು ಚೊಲೋ ಐತಿ. ಶುಕ್ರವಾರ ಹೊಸ್ತಿಲಕ್ಕ ಬಳೀತೀನಿ. ಇನ್ನೊಂದು ಯಾವಾಗ ತಗೀತಾರ ಅವರು?"