ಜೀನ್ಸ್ ತುಂಡಿಗೆ ಯಾವ ತ್ರಿಕೋನ ಸ್ಕೇಲು?

ಬಳ್ಳಾರಿಯ ಜೀನ್ಸ್ ಹೊಲಿಯುವಲ್ಲಿ ಉಳಿದ ಡೆನಿಮ್ ತುಂಡುಗಳನ್ನು ತ್ರಿಕೋನವಾಗಿ ಕತ್ತರಿಸಿ ಹೊದಿಕೆ ಮಾಡಬೇಕೆನ್ನುವವರು ಅಮೆರಿಕದಲ್ಲಿರುವ ನಮ್ಮಂಥವರನ್ನು ಮೊದಲು ಕೇಳುವುದೇ ಸ್ಕೇಲಿನ ಬಗ್ಗೆ. ಹೊಲಿಗೆಗೆ ಎಷ್ಟು ಮಾರ್ಜಿನ್ (ಹೊಲಿಗೆಯಿಂದಾಚೆ ಉಳಿಯುವ ಅಂಚು) ಬಿಡುತ್ತೀರಿ ಎಂದು ತೀರ್ಮಾನಿಸದೆ ಇಲ್ಲಿನ ಸ್ಕೇಲು ತರಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಪ್ಪಳ, ರಾಯಚೂರು ಕಡೆಯ ಕೌದಿ ಅಳತೆಯ ತಪ್ಪನ್ನು ಸಹಿಸಿಕೊಳ್ಳುತ್ತದೆ. ಹಳೆ ಸೀರೆ ಹಾಸಿ, ಮೇಲೆ ತುಂಡಿಟ್ಟು, ಅಂಚನ್ನು ಬೆರಳಿನಿಂದಲೇ ಒಳಗೆ ಮಡಚಿ ಹೊಲಿಯುತ್ತಾರೆ. ಕಾಲಿಂಚು ಹೆಚ್ಚಾದರೆ ಅದು ಮಡಿಕೆಯಲ್ಲಿ ಅಡಗುತ್ತದೆ, ಓರೆ ಅಂಚು ಜಗ್ಗದಂತೆ ಕೆಳಗಿನ ಅರಿವೆ ಹಿಡಿದಿರುತ್ತದೆ. ಅಮೆರಿಕದ ಕ್ವಿಲ್ಟ್, ಅಂದರೆ ತುಂಡು ಜೋಡಿಸಿ ಹೊಲಿದ ಹೊದಿಕೆಯಲ್ಲಿ, ತುಂಡಿಗೆ ತುಂಡೇ ಆಸರೆ. ಒಂದೊಂದು ಜೋಡಣೆಯಲ್ಲಿ 1/16 ಇಂಚು ತಪ್ಪಿದರೂ ಎಂಟು ಜೋಡಣೆಗೆ ಅರ್ಧ ಇಂಚು ಹೋಗುತ್ತದೆ. ಸ್ಕೇಲು ಹುಟ್ಟಿದ್ದೇ ಈ ಕಾರಣಕ್ಕೆ.

ಲಂಬಕೋನದ ಸ್ಕೇಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚೌಕವನ್ನು ಮೂಲೆಯಿಂದ ಮೂಲೆಗೆ ಒಮ್ಮೆ ಸೀಳಿದರೆ ಸಿಗುವ ಅರ್ಧಚೌಕದ ತ್ರಿಕೋನಕ್ಕೆ ಒಂದು, ಎರಡು ಸಲ ಸೀಳಿದರೆ ಸಿಗುವ ಕಾಲುಚೌಕದ ತ್ರಿಕೋನಕ್ಕೆ ಇನ್ನೊಂದು. ಆಕಾರ ಒಂದೇ, ನೂಲಿನ ದಿಕ್ಕು ಬೇರೆ. ಅರ್ಧಚೌಕದಲ್ಲಿ ಎರಡು ಚಿಕ್ಕ ಬದಿಗಳು ನೇರ ನೂಲಿನ ಮೇಲಿರುತ್ತವೆ, ಕಾಲುಚೌಕದಲ್ಲಿ ಉದ್ದ ಬದಿ. ಜೋಡಣೆಯ ಹೊರ ಅಂಚಿಗೆ ಬರುವ ಬದಿ ನೇರ ನೂಲಿನದ್ದೇ ಆಗಿರಬೇಕು, ಇಲ್ಲವಾದರೆ ಅಂಚು ಅಲೆಅಲೆಯಾಗುತ್ತದೆ. ಡೆನಿಮ್‌ನಲ್ಲಿ ಇಲ್ಲೇ ಎಡವುತ್ತಾರೆ: ಮೇಲೆ ಕಾಣುವ ಓರೆ ಗೆರೆ ನೇಯ್ಗೆಯದು, ನೂಲಿನ ದಿಕ್ಕಲ್ಲ. ಅಂಚಿನಿಂದ ಒಂದು ಎಳೆ ಬಿಡಿಸಿ ನೋಡಿ. ನೀಲಿ ಎಳೆ ಉದ್ದದ್ದು, ಬಿಳಿ ಎಳೆ ಅಡ್ಡದ್ದು. ಜಗ್ಗುವ ಸ್ಟ್ರೆಚ್ ಡೆನಿಮ್ ಈ ಕೆಲಸಕ್ಕೆ ಬೇಡವೇ ಬೇಡ.

ಹೊಲಿದ ಮೇಲೆ 3 ಇಂಚು ಉಳಿಯುವ ಅರ್ಧಚೌಕಕ್ಕೆ, ಕಾಲಿಂಚು ಮಾರ್ಜಿನ್ ಇದ್ದರೆ, ಸ್ಕೇಲಿಟ್ಟು ಕತ್ತರಿಸುವ ಬಟ್ಟೆಪಟ್ಟಿಯ ಅಗಲ 3 1/2 ಇಂಚು. ಸ್ಕೇಲಿಲ್ಲದೆ ಚೌಕ ಸೀಳುವುದಾದರೆ ಚೌಕ 3 7/8 ಇಂಚು. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಎಲ್ಲ ತುಂಡೂ ದೊಡ್ಡದೋ ಚಿಕ್ಕದೋ ಆಗುತ್ತವೆ. ಸ್ಕೇಲಿನ ಮೊನೆ ಪಟ್ಟಿಯ ಅಂಚು ದಾಟಿ ಹೊರಗೆ ಚಾಚಿರುತ್ತದೆ, ಅದು ಸರಿಯೇ. ಒಳಗೆಳೆಯಬೇಡಿ.

ಈ ಅಂಕಿಗಳೆಲ್ಲ ತೆಳು ಹತ್ತಿ ಬಟ್ಟೆಗೆ. ಡೆನಿಮ್‌ಗೆ ಕಾಲಿಂಚು ಸಾಲದು, ಎಳೆ ಬಿಚ್ಚಿಕೊಳ್ಳುತ್ತದೆ, ದಪ್ಪ ಮಡಿಕೆ ಹೊಲಿಗೆಯಿಂದ ಜಾರುತ್ತದೆ. ಅರ್ಧ ಇಂಚು ಬಿಡಬೇಕು. ಆಗ ಅದೇ 3 ಇಂಚಿಗೆ 4 3/4 ಇಂಚಿನ ಚೌಕ ಬೇಕು, ಸ್ಕೇಲಿನ ಮೇಲೆ ಅಚ್ಚಾದ ಅಂಕಿ ಸುಳ್ಳಾಗುತ್ತದೆ. ದುಡ್ಡು ಕೊಟ್ಟು ತರಿಸಿದವರು ಮೋಸಹೋಗುವುದು ಇಲ್ಲಿಯೇ.

ಡೆನಿಮ್‌ಗೆ ನಾನು ಹೇಳುವ ದಾರಿ ಇದು. 5 ಇಂಚಿನ ಎರಡು ಚೌಕಗಳನ್ನು ಮುಖಾಮುಖಿ ಇಟ್ಟು ಮೂಲೆಯಿಂದ ಮೂಲೆಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗೆರೆಯ ಎರಡೂ ಕಡೆ ಅರ್ಧ ಇಂಚಿಗೆ ಹೊಲಿದು, ಆಮೇಲೆ ಗೆರೆಯ ಮೇಲೆ ಕತ್ತರಿಸಿ. ಮಾರ್ಜಿನ್ ಬಿಡಿಸಿ ಇಸ್ತ್ರಿ ಒತ್ತಿ, 4 ಇಂಚಿಗೆ ಚೊಕ್ಕ ಮಾಡಿ. ಓರೆ ಅಂಚು ಕೈಗೆ ಸಿಗುವ ಮೊದಲೇ ಹೊಲಿಗೆ ಬಿದ್ದಿರುವುದರಿಂದ ಜಗ್ಗುವುದಿಲ್ಲ. ಇದಕ್ಕೆ ಶಾಲೆಯ ಕಂಪಾಸ್ ಪೆಟ್ಟಿಗೆಯ ಮೂಲೆಮಟ್ಟ, ಒಂದು ಉದ್ದ ಸ್ಕೇಲು ಸಾಕು. ಮೂಲೆಮಟ್ಟದ ಆಸರೆಯಲ್ಲಿ ಗೆರೆ ಮಾತ್ರ ಎಳೆದು ಕತ್ತರಿಯಲ್ಲಿ ಕತ್ತರಿಸಿ. ಅದರ ಅಂಚು ತೆಳು, ಉರುಳು ಬ್ಲೇಡು (ಚಕ್ರದಂತೆ ಉರುಳಿಸಿ ಬಟ್ಟೆ ಕತ್ತರಿಸುವ ಬ್ಲೇಡು) ಅದರ ಮೇಲೆ ಹತ್ತಿ ಬೆರಳಿಗೆ ಬರುತ್ತದೆ.

ಯಾವ ಮೂಲೆಮಟ್ಟವನ್ನಾದರೂ ಮೊದಲು ಪರೀಕ್ಷಿಸಿ. ನೇರ ಗೆರೆಯ ಮೇಲಿಟ್ಟು ಲಂಬ ಎಳೆಯಿರಿ, ಮಗುಚಿಟ್ಟು ಅದೇ ಜಾಗದಲ್ಲಿ ಮತ್ತೆ ಎಳೆಯಿರಿ. ಎರಡು ಗೆರೆ ಬೇರೆಯಾದರೆ ಮೂಲೆ 90 ಡಿಗ್ರಿ ಇಲ್ಲ. ಉರುಳು ಬ್ಲೇಡಿನ ಕೆಳಗೆ ಹಾಸುವ ಮ್ಯಾಟ್ ಇದ್ದರೆ ರಾಯಚೂರಿನ ಬೇಸಿಗೆಯಲ್ಲಿ ಕಿಟಕಿಯ ಬಿಸಿಲಿಗೆ, ತಗಡಿನ ಮಾಡಿನ ಕೆಳಗೆ ನಿಲ್ಲಿಸಿಡಬೇಡಿ. ಒಮ್ಮೆ ಬಾಗಿದ ಮ್ಯಾಟಿನ ಮೇಲೆ ಸ್ಕೇಲು ಕೂರುವುದಿಲ್ಲ.